ಕೆಳಗೆ ಗೂಡು, ಮೇಲೆ ತಪ್ಪು

ಅಟ್ಟದಿಂದ ಕಾಯಿ ಇಳಿಸುವಾಗ ಮೂಲೆಯಲ್ಲಿ ಗೆಜ್ಜೆಪಟ್ಟಿಯೊಂದು ಸಿಕ್ಕಿತು. ನಮ್ಮ ತಿಪಟೂರು ಸೀಮೆಯಲ್ಲಿ ಅಟ್ಟ ಇರುವುದೇ ಕಾಯಿಗೆ. ಬಲಿತ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಲ್ಲಿ ಸುಮ್ಮನೆ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಆಗಿದೆ, ಮೂಕವಾಗಿದ್ದರೆ ಇನ್ನೂ ಕಾಯಬೇಕು. ನಮ್ಮಪ್ಪ ಒಂದು ಕಾಯಿ ಅಲ್ಲಾಡಿಸಿ ಇಡೀ ರಾಶಿಯ ಹಣೆಬರಹ ಹೇಳುತ್ತಿದ್ದರು. ಈ ಕಿವಿಯ ಮಾತು ಮುಂದೆ ಮತ್ತೆ ಬರುತ್ತದೆ.

ಗೆಜ್ಜೆಪಟ್ಟಿ ಅಪ್ಪನ ಕಾಲದ ಜೋಡೆತ್ತಿನದು. ಎರಡು ಪದರ ತೊಗಲು, ಮೇಲೆ ಹಿತ್ತಾಳೆಯ ಗೆಜ್ಜೆ ಸಾಲು. ಇಲಿ ಒಂದು ಕಡೆ ಚೆನ್ನಾಗಿಯೇ ಊಟ ಮಾಡಿತ್ತು. ಆದರೆ ಇಲಿ ಕಡಿದ ಜಾಗ ಬಿಟ್ಟರೆ ಉಳಿದ ಹೊಲಿಗೆ ಒಂದಿಂಚೂ ಸಡಿಲವಾಗಿರಲಿಲ್ಲ. ಹೊಲಿದಿದ್ದು ದಾರದಲ್ಲಲ್ಲ, ಸಣ್ಣಗೆ ಸೀಳಿದ ತೊಗಲಿನ ಬಾರಿನಲ್ಲಿ. ಹೊಲಿದವರು ನಮ್ಮೂರಿನ ಕೇರಿಯ ಹಿರಿಯರು, ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಅವರ ಮಗ ಬೆಂಗಳೂರಿನಲ್ಲಿ ಬಸ್ ಓಡಿಸುತ್ತಾರೆ, ಮೊಮ್ಮಗಳು ನರ್ಸಿಂಗ್ ಓದುತ್ತಾಳೆ. ಆ ಕೈಕೆಲಸ ಆ ಮನೆಯಲ್ಲಿ ಮುಂದುವರಿಯಲಿಲ್ಲವೆಂದು ನಾನು ನಿಟ್ಟುಸಿರು ಬಿಟ್ಟರೆ ಅದು ಆತ್ಮವಂಚನೆ. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಆಯದ ರಾಗಿಗೆ ಸೆರಗು ಒಡ್ಡಬೇಕಾಗಿದ್ದ ಕಸುಬು ಅದು. ಬಿಟ್ಟಿದ್ದೇ ಒಳ್ಳೆಯದಾಯಿತು. ಆದರೆ ಪಟ್ಟಿ ಮಾತ್ರ ಇನ್ನೊಂದು ಬೇಕು ಅನ್ನಿಸಿತು. ಹೊಲಿಸಲು ಯಾರೂ ಇಲ್ಲದ ಮೇಲೆ ನಾನೇ ಯಾಕೆ ಹೊಲಿಯಬಾರದು ಎಂಬ ಕೊಬ್ಬೂ ಬಂತು.

ತೆಂಗಿಗೂ ತೊಗಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಕಪಿಲೆ ಬಾವಿ ನೆನಪಿಸಬೇಕು. ಪಂಪ್‌ಸೆಟ್ ಬರುವ ತನಕ ಈ ಸೀಮೆಯ ಎಷ್ಟೋ ತೋಟಗಳಿಗೆ ನೀರು ಬರುತ್ತಿದ್ದುದು ತೊಗಲಿನ ಬಾನಿಯಲ್ಲಿ. ಇಳಿಜಾರಿನಲ್ಲಿ ಎತ್ತು ಕೆಳಗೆ ನಡೆದರೆ ಬಾನಿ ಮೇಲೆ ಬರುತ್ತಿತ್ತು. ಅಷ್ಟು ನೀರಿನ ಭಾರ ಹೊತ್ತು ದಿನಕ್ಕೆ ನೂರಾರು ಸಲ ಏರಿ ಇಳಿಯುವ ಚೀಲಕ್ಕೆ ಹೊಲಿಗೆ ಹಾಕುವುದೆಂದರೆ ಸಾಮಾನ್ಯವೇ? 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಗೂ ಬಂದಿದ್ದ, ಇಲ್ಲಿನ ತೆಂಗಿನ ತೋಟಗಳ ಬಗ್ಗೆ ಬರೆದಿಟ್ಟ. ಆ ತೋಟಗಳನ್ನು ತೊಗಲು ಹೊಲಿಯುವ ಆರೆ, ಕೊಯ್ಯುವ ರಂಪಿ ಹಿಡಿದ ಕೈಗಳೂ ಬೆಳೆಸಿದವು. ಹದ ಮಾಡುವ ಸಾಮಾನೂ ದೂರದ್ದಲ್ಲ. ಚಿ.ನಾ.ಹಳ್ಳಿ ಕಡೆ ಬೋರೆಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ, ಜೊತೆಗೆ ಅಳಲೆಕಾಯಿ.

ನಾನು ಆರೆ ಹಿಡಿಯಲಿಲ್ಲ, ಯಂತ್ರ ಕೊಂಡೆ. ಅದೂ ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ವ್ಯಾಪಾರಿಯೊಬ್ಬರ ಹತ್ತಿರ. ಜಪಾನಿನ ಜೂಕಿ 1541 ಮಾದರಿಯನ್ನು ನೋಡಿ ಮಾಡಿದ ಚೀನಾ ಯಂತ್ರ, ವಾಕಿಂಗ್ ಫೂಟ್. ಇದನ್ನು ಮನೆಯ ಹೊಲಿಗೆ ಯಂತ್ರದ ದೊಡ್ಡಣ್ಣ ಎಂದುಕೊಂಡರೆ ತಪ್ಪು. ಮನೆಯ ಯಂತ್ರದಲ್ಲಿ ಕೆಳಗಿನ ಹಲ್ಲು ಮಾತ್ರ ಬಟ್ಟೆಯನ್ನು ತಳ್ಳುತ್ತದೆ. ಎರಡು ಪದರ ತೊಗಲು ಕೊಟ್ಟರೆ ಕೆಳಗಿನದು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುತ್ತದೆ, ಪಟ್ಟಿಯ ತುದಿಗೆ ಬರುವಷ್ಟರಲ್ಲಿ ಅರ್ಧ ಇಂಚು ಏರುಪೇರು. ವಾಕಿಂಗ್ ಫೂಟಿನಲ್ಲಿ ಕೆಳಗಿನ ಹಲ್ಲು, ತೊಗಲಿನೊಳಗೆ ಇಳಿದ ಸೂಜಿ, ಒಳಪಾದ ಮೂರೂ ಒಟ್ಟಿಗೆ ಒಂದು ಹೆಜ್ಜೆ ಇಡುತ್ತವೆ. ಅವು ಹಿಂದಕ್ಕೆ ಬರುವಾಗ ಹೊರಪಾದ ಒತ್ತಿ ಹಿಡಿದಿರುತ್ತದೆ. ಉಳುವ ಎತ್ತು ಹೆಜ್ಜೆ ಹಾಕಿದ ಹಾಗೆ.

ಮೊದಲ ದಿನ ದಾರ ಪೋಣಿಸಿ ಪೆಡಲ್ ಒತ್ತಿದೆ. ಕ್ಲಚ್ ಮೋಟಾರು, ಮೂಗುದಾರ ಕಿತ್ತ ಹೋರಿಯಂತೆ ನುಗ್ಗಿತು. ಮೇಲೆ ನೋಡಿದರೆ ಹೊಲಿಗೆ ಸುಂದರವಾಗಿತ್ತು. ಮಗುಚಿ ನೋಡಿದರೆ ಕೆಳಗೆ ಗೀಜಗನ ಗೂಡು. ದಾರ ಸುತ್ತಿ ಸುತ್ತಿ ಮುದ್ದೆಯಾಗಿತ್ತು. ಗೂಡು ಕೆಳಗಿದೆ, ಆದ್ದರಿಂದ ತಪ್ಪು ಬಾಬಿನ್ನಿನದು ಎಂದು ತೀರ್ಮಾನಿಸಿದೆ. ಬಾಬಿನ್ ಕೇಸಿನ ಸಣ್ಣ ತಿರುಪನ್ನು ಬಿಗಿ ಮಾಡಿದೆ. ಗೂಡು ಹೋಗಲಿಲ್ಲ. ಇನ್ನಷ್ಟು ಬಿಗಿ ಮಾಡಿದೆ. ಬಾಬಿನ್ ದಾರ ಪಟ್ಟೆಂದು ಹರಿಯಿತು. ಸಡಿಲ ಮಾಡಿದೆ. ಮತ್ತೆ ಗೂಡು. ಮೂರು ದಿನದಲ್ಲಿ ಯಂತ್ರದಲ್ಲಿ ಕಣ್ಣಿಗೆ ಕಂಡ ತಿರುಪನ್ನೆಲ್ಲ ಒಂದೊಂದು ಸುತ್ತು ತಿರುಗಿಸಿ, ಯಾವುದು ಮೊದಲು ಎಲ್ಲಿತ್ತು ಎಂಬುದೇ ಮರೆತುಹೋಗಿ, ಕೊನೆಗೆ ತಿಪಟೂರಿಗೆ ಹೋದೆ.

ಬಿ.ಎಚ್. ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಕುಶನ್ ಅಂಗಡಿ ಇದೆ. ಆಟೊ ಸೀಟು, ಟ್ರ್ಯಾಕ್ಟರ್ ಸೀಟು, ಮದುವೆ ಛತ್ರದ ಸೋಫಾ, ಕೊಬ್ಬರಿ ವ್ಯಾಪಾರಿಗಳ ಲಾರಿ ಟಾರ್ಪಾಲು, ಎಲ್ಲಕ್ಕೂ ಅಲ್ಲೇ ಹೊಲಿಗೆ. ಯಜಮಾನರನ್ನು ಊರೆಲ್ಲ ಉಸ್ತಾದ್ ಎನ್ನುತ್ತದೆ, ನಾನೂ ಹಾಗೇ ಕರೆದೆ. ನನ್ನ ಕಥೆ ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ.

“ದಾರ ಪೋಣಿಸುವಾಗ ಪಾದ ಎತ್ತಿದ್ರಾ, ಇಳಿಸಿದ್ರಾ ಸಾರ್?”

ನೆನಪಿರಲಿಲ್ಲ.

“ಇಳಿಸಿರ್ತೀರ. ಗೂಡು ಕೆಳಗೆ ಕಟ್ಟಿದ್ರೆ ತಪ್ಪು ಮೇಲೆ ಇರುತ್ತೆ. ಮೊದ್ಲು ದಾರ ಪೂರ್ತಿ ತೆಗೀರಿ. ಆಮೇಲೆ ಮಾತು.”

ಅವರು ಹೇಳಿದ್ದು ಹೇಗೆ ಸರಿ ಎಂದು ಬಿಡಿಸಿ ನೋಡೋಣ, ಇಡೀ ವಿದ್ಯೆಯ ತಿರುಳು ಇಲ್ಲೇ ಇದೆ. ಯಂತ್ರದ ಮುಖದ ಮೇಲೆ ಎರಡು ಉಕ್ಕಿನ ಬಿಲ್ಲೆಗಳಿವೆ, ಸ್ಪ್ರಿಂಗಿನಿಂದ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಮೇಲಿನ ದಾರದ ಬಿಗಿ ಬರುವುದು ಇವುಗಳ ನಡುವೆ ಹಾಯುವುದರಿಂದ. ಪಾದ ಎತ್ತಿದಾಗ ಬಿಲ್ಲೆಗಳು ಬಾಯಿ ಬಿಡುತ್ತವೆ, ದಾರ ಆಳಕ್ಕೆ ಇಳಿದು ಕೂರುತ್ತದೆ. ಪಾದ ಇಳಿದಿದ್ದರೆ ಬಿಲ್ಲೆಗಳ ಬಾಯಿ ಮುಚ್ಚಿರುತ್ತದೆ. ಆಗ ಪೋಣಿಸಿದ ದಾರ ಅಂಚಿನ ಮೇಲೆ ಸವಾರಿ ಮಾಡುತ್ತದೆ, ನೋಡಿದವರಿಗೆ ಸರಿಯಾಗಿಯೇ ಕಾಣುತ್ತದೆ. ಇನ್ನು ಹೊಲಿಗೆ ಬೀಳುವ ಬಗೆ. ಸೂಜಿ ದಾರವನ್ನು ಕೆಳಗೆ ಒಯ್ಯುತ್ತದೆ, ಕೆಳಗಿನ ಹುಕ್ ಆ ದಾರದ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ಸುತ್ತಿಸುತ್ತದೆ, ಆಮೇಲೆ ಮೇಲಿನ ಎತ್ತುಗೋಲು ಆ ಕುಣಿಕೆಯನ್ನು ಸರ್ರನೆ ವಾಪಸ್ ಎಳೆದು ತೊಗಲಿನ ಹೊಟ್ಟೆಯೊಳಗೆ ಗಂಟು ಕೂರಿಸುತ್ತದೆ. ಬಿಲ್ಲೆಗಳ ಬಿಗಿ ಇಲ್ಲದಿದ್ದರೆ ಎತ್ತುಗೋಲು ಕೆಳಗಿನ ಕುಣಿಕೆ ಎಳೆಯುವ ಬದಲು ಕೋನಿನಿಂದ ಹೊಸ ದಾರವನ್ನೇ ಎಳೆದುಕೊಳ್ಳುತ್ತದೆ. ಎಳೆಯದೆ ಬಿಟ್ಟ ಕುಣಿಕೆಗಳೆಲ್ಲ ಕೆಳಗೆ ರಾಶಿ ಬೀಳುತ್ತವೆ. ಅದೇ ಗೂಡು. ಪಾಪದ ಬಾಬಿನ್ನಿಗೆ ನಾನು ಮೂರು ದಿನ ಕೊಟ್ಟ ಹಿಂಸೆ ನೆನೆದು ನಾಚಿಕೆಯಾಯಿತು. ತಿರುವುಮುರುವಾದ ಕಾಯಿಲೆಯೂ ಇದೆ. ಬಾಬಿನ್ ದಾರ ಚುಕ್ಕಿ ಚುಕ್ಕಿಯಾಗಿ ಮೇಲೆ ಕಾಣಿಸಿಕೊಂಡರೆ ಮೇಲಿನ ಬಿಗಿ ಹೆಚ್ಚಾಗಿದೆ, ಇಲ್ಲವೇ ಕೆಳಗಿನದು ಸಡಿಲವಾಗಿದೆ.

ಉಸ್ತಾದ್ ನನ್ನನ್ನು ಸೇರಿಸಿಕೊಂಡರು. ಷರತ್ತು ಇಷ್ಟೇ: ಮೂರು ದಿನ ಕರೆಂಟು ಮುಟ್ಟುವಂತಿಲ್ಲ, ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಮೊದಲ ದಿನ ದಾರವೂ ಇಲ್ಲ. ಹಳೇ ಲಗ್ನಪತ್ರಿಕೆಗಳ ಮೇಲೆ ಬರೀ ಸೂಜಿ ಹಾಯಿಸಿ, ತೂತುಗಳ ಸಾಲು ನೇರ ಬರುತ್ತದೆಯೇ ನೋಡುವುದು. ಅಂಗಡಿಯ ಹುಡುಗ, ಹದಿನೆಂಟರವನು, ನನ್ನನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದ. ಅವನಿಗೂ ಇದೇ ಪಾಠ ಆಗಿತ್ತಂತೆ.

ಎರಡನೇ ದಿನ ದಾರದ ದಾರಿ. ಕೋನ್ ನಿಲ್ಲುವ ಕಂಬದ ಮೇಲಿನ ಕೊಕ್ಕೆ ಕೋನಿನ ನೆತ್ತಿಗೆ ನೇರ ಮೇಲಿರಬೇಕು. ಕೊಂಚ ವಾಲಿದರೂ ದಾರ ಒಂದು ಸುತ್ತಿಗೆ ಸಲೀಸಾಗಿ, ಇನ್ನೊಂದು ಸುತ್ತಿಗೆ ಬಿಗಿಯಾಗಿ ಬರುತ್ತದೆ, ಹೊಲಿಗೆಯಲ್ಲಿ ಅದು ಕಂಡೇ ಕಾಣುತ್ತದೆ. ಅಲ್ಲಿಂದ ಯಂತ್ರದ ನೆತ್ತಿಯ ಗೂಟ. ಅದರಲ್ಲಿ ಮೂರು ತೂತು, ದಾರವನ್ನು ಹಾವಿನ ಹಾಗೆ ಒಳಗೊಮ್ಮೆ ಹೊರಗೊಮ್ಮೆ ಹಾಯಿಸಬೇಕು. ಕೋನಿನಿಂದ ಬಂದ ಸುರುಳಿ ಇಲ್ಲಿ ಸಾಯುತ್ತದೆ. ಅವಸರದವರು ಒಂದೇ ತೂತಿನಲ್ಲಿ ಹಾಯಿಸಿ ಮುಂದೆ ಹೋಗುತ್ತಾರೆ. ಆಮೇಲೆ ಬಿಲ್ಲೆ, ಪಾದ ಎತ್ತಿ. ಬಿಲ್ಲೆಯ ಪಕ್ಕ ಮೀಸೆಯಷ್ಟು ಸಣ್ಣದೊಂದು ತಂತಿ ಸ್ಪ್ರಿಂಗಿದೆ, ಸೂಜಿ ತೊಗಲಿಗೆ ನುಗ್ಗುವ ತನಕ ಸಡಿಲ ದಾರವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅದು ಮುರಿದಿದ್ದರೆ ಸೂಜಿ ತನ್ನ ದಾರವನ್ನು ತಾನೇ ಚುಚ್ಚಿಕೊಳ್ಳುತ್ತದೆ. ಅಲ್ಲಿಂದ ಎತ್ತುಗೋಲಿನ ಕಣ್ಣು, ಇಳಿದು ಸೂಜಿಗಂಬದ ಕೊಕ್ಕೆ, ಕೊನೆಗೆ ಸೂಜಿ. ನನ್ನ ಯಂತ್ರದಲ್ಲಿ ಎಡದಿಂದ ಬಲಕ್ಕೆ.

ಪೋಣಿಸಿದ ಮೇಲೆ ಪರೀಕ್ಷೆ. ಪಾದ ಎತ್ತಿ ದಾರ ಎಳೆದರೆ ಸಲೀಸಾಗಿ ಬರಬೇಕು. ಪಾದ ಇಳಿಸಿ ಎಳೆದರೆ ಸೂಜಿಯೇ ಬಾಗುವಷ್ಟು ತಡೆಯಬೇಕು. ಎರಡಕ್ಕೂ ವ್ಯತ್ಯಾಸ ಇಲ್ಲದಿದ್ದರೆ ದಾರ ಬಿಲ್ಲೆಯೊಳಗೆ ಕೂತೇ ಇಲ್ಲ. ಇಷ್ಟು ಮಾಡಲು ಅರ್ಧ ನಿಮಿಷ ಸಾಕು. ನನ್ನ ಮೂರು ದಿನ ಹೋದದ್ದು ಈ ಅರ್ಧ ನಿಮಿಷ ಉಳಿಸಲು ಹೋಗಿ. ಹೊಲಿಗೆ ಶುರು ಮಾಡುವಾಗ ಎತ್ತುಗೋಲು ತುತ್ತತುದಿಯಲ್ಲಿರಬೇಕು, ಎರಡೂ ದಾರದ ಬಾಲಗಳನ್ನು ಹಿಂದಕ್ಕೆಳೆದು ಎರಡು ಮೂರು ಟಾಕು ಬೀಳುವ ತನಕ ಬೆರಳಲ್ಲಿ ಹಿಡಿದಿರಬೇಕು. ಬಿಟ್ಟರೆ ಆ ಬಾಲಗಳೇ ಕೆಳಗೆ ಸಿಕ್ಕಿಕೊಂಡು ಇನ್ನೊಂದು ಗೂಡು.

ಸೂಜಿಯ ತುದಿಯಲ್ಲಿ ಕಣ್ಣಿಟ್ಟದ್ದೇ ಈ ಯಂತ್ರದ ಇಡೀ ಜಾಣತನ. ಕೈಸೂಜಿಯ ಕಣ್ಣು ಬುಡದಲ್ಲಿ, ಆದ್ದರಿಂದ ಸೂಜಿ ಪೂರ್ತಿ ಆಚೆ ಹೋಗಿ ಬರಬೇಕು. ಕಣ್ಣು ತುದಿಗೆ ಬಂದರೆ ತುದಿಯಷ್ಟೇ ಇಣುಕಿ ವಾಪಸಾದರೆ ಸಾಕು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪಡೆದ ಪೇಟೆಂಟಿನ ಜೀವ ಇದೇ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ, ಆಮೇಲೆ ಇಬ್ಬರೂ ಕೋರ್ಟಿನಲ್ಲಿ ಗುದ್ದಾಡಿದರು. ಗಾಂಧೀಜಿ 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿ ಜಿ. ರಾಮಚಂದ್ರನ್ ಜೊತೆ ಮಾತಾಡುತ್ತ, ಯಂತ್ರಗಳ ಮೇಲಿನ ತಮ್ಮ ತಕರಾರಿನಿಂದ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬುದು ಅವರ ನಂಬಿಕೆ. ನಿಜಕ್ಕೂ ಸಿಂಗರ್ ಏಕಕಾಲಕ್ಕೆ ಹಲವು ಸಂಸಾರ ನಡೆಸಿದ ಭೂಪ. ಪ್ರೀತಿಯ ವಿಷಯದಲ್ಲಿ ಗಾಂಧೀಜಿಗೆ ಯಾರೋ ತಪ್ಪು ಮಾಹಿತಿ ಕೊಟ್ಟಿದ್ದರು. ವಿನಾಯಿತಿ ಮಾತ್ರ ಸರಿಯಾಗಿಯೇ ಇತ್ತು.

ಉಸ್ತಾದರ ಯಂತ್ರದಲ್ಲಿ ಕೈ ಕೂತ ಮೇಲೆ ಮನೆಗೆ ಬಂದು ನನ್ನದರಲ್ಲಿ ಕೂತೆ. ಗೂಡು ಹೋಗಿತ್ತು. ಈಗ ಇನ್ನೊಂದು ಕಾಟ. ಹೊಲಿಗೆ ಬಿಡುತ್ತಿತ್ತು. ನಾಲ್ಕು ಟಾಕು ಬಿದ್ದರೆ ಐದನೆಯದು ಇಲ್ಲ, ಆಮೇಲೆ ಎರಡು ಬಿದ್ದು ಮೂರು ಇಲ್ಲ. ದಾರ ತೆಗೆದೆ, ಪೋಣಿಸಿದೆ. ಅದೇ. ಸೂಜಿ ಮೊಂಡಾಗಿರಬೇಕೆಂದು ವ್ಯಾಪಾರಿ ಯಂತ್ರದ ಜೊತೆ ಕೊಟ್ಟ ಪೊಟ್ಟಣದಿಂದ ಹೊಸದು ಹಾಕಿದೆ. ಅದೇ. ತಿರುಪಿನ ಕಡೆ ಕೈ ಹೋಗುತ್ತಿತ್ತು, ತಡೆದುಕೊಂಡೆ. ಬಾಡಿಗೆ ಗೂಡ್ಸ್ ಆಟೊ ಮಾಡಿ ಯಂತ್ರದ ತಲೆಯನ್ನೇ ತಿಪಟೂರಿಗೆ ಒಯ್ದೆ.

ಉಸ್ತಾದ್ ಯಂತ್ರ ಮುಟ್ಟಲಿಲ್ಲ, ಸೂಜಿ ಬಿಚ್ಚಿದರು. ತಮ್ಮ ಡಬ್ಬಿಯಿಂದ ಇನ್ನೊಂದು ಸೂಜಿ ತೆಗೆದು ಎರಡನ್ನೂ ಅಂಗೈ ಮೇಲೆ ಬುಡ ಸರಿಸಮ ಮಾಡಿ ಇಟ್ಟರು. ನನ್ನದು ಕೆಲವು ಮಿಲಿಮೀಟರ್ ಗಿಡ್ಡ. ಯಂತ್ರ ಬೇಡುವುದು ಡಿಪಿ 17 ಎಂಬ ಜಾತಿಯ ಸೂಜಿ. ವ್ಯಾಪಾರಿಯ ಪೊಟ್ಟಣದಲ್ಲಿದ್ದುದು ಡಿಪಿ 5. ಬುಡದ ದಪ್ಪ ಎರಡಕ್ಕೂ ಒಂದೇ, ಆದ್ದರಿಂದ ಸೂಜಿಗಂಬದ ತೂತಿನಲ್ಲಿ ತಕರಾರಿಲ್ಲದೆ ಕೂರುತ್ತದೆ. ಸೂಜಿಗೆ ಎರಡು ಗುರುತು ಎಂದು ನನಗೆ ತಿಳಿದದ್ದು ಆಗಲೇ. 110, 125, 140 ಎನ್ನುವುದು ದಪ್ಪ. 140 ಎಂದರೆ 1.4 ಮಿ.ಮೀ. ಜಾತಿ ಬೇರೆಯೇ ಲೆಕ್ಕ, ಅದು ಉದ್ದವನ್ನು, ಬುಡವನ್ನು ಹೇಳುತ್ತದೆ. ಅಂಗಡಿಗೆ ಹೋಗಿ “ದಪ್ಪ ಸೂಜಿ ಕೊಡಿ” ಎಂದರೆ ಕೊಡುತ್ತಾರೆ, ಜಾತಿ ಕೇಳದೆ. ಬದುಕಿನಲ್ಲಿ ಜಾತಿ ಕೇಳಲೇಬೇಕಾದ ಏಕೈಕ ಜಾಗ ಇದಿರಬಹುದು.

ಸರಿಯಾದ ಸೂಜಿ ಹಾಕಿ ಚಕ್ರ ತಿರುಗಿಸಿದರು. ಹೊಲಿಗೆ ಇನ್ನೂ ಕೆಟ್ಟಿತು, ಒಂದೂ ಬೀಳಲಿಲ್ಲ. ನನ್ನ ಮುಖ ನೋಡಿ ಉಸ್ತಾದ್ ಖುಷಿಯಾಗಿ ನಕ್ಕರು. ಕಳ್ಳನ ಹೆಜ್ಜೆ ಗುರುತು ಸಿಕ್ಕ ಪೊಲೀಸನ ನಗು ಅದು.

“ಯಾರೋ ಗಿಡ್ಡ ಸೂಜಿಗೆ ಮಷೀನನ್ನೇ ಬಗ್ಗಿಸಿದ್ದಾರೆ ಸಾರ್.”

ಆದದ್ದು ಹೀಗೆ. ಹಿಂದೆ ಯಾರೋ ಗಿಡ್ಡ ಸೂಜಿ ಹಾಕಿದ್ದಾರೆ. ಅದರ ಕಣ್ಣು ಹುಕ್ಕಿಗೆ ಎಟುಕಿಲ್ಲ, ಹೊಲಿಗೆ ಬಿಟ್ಟಿದೆ. ಸೂಜಿ ಬದಲಿಸುವುದು ಬಿಟ್ಟು ಸೂಜಿಗಂಬವನ್ನೇ ಕೆಳಗಿಳಿಸಿ ಬಿಗಿ ಮಾಡಿದ್ದಾರೆ. ಹೇಗೋ ಅರೆಬರೆ ನಡೆದಿದೆ. ಹಾಗೇ ಮಾರಿದ್ದಾರೆ. ಈಗ ಸರಿಯಾದ ಉದ್ದದ ಸೂಜಿ ಹಾಕಿದರೆ ಅದು ಮಿತಿ ಮೀರಿ ಕೆಳಗಿಳಿಯುತ್ತದೆ. ಒಂದು ತಪ್ಪನ್ನು ಮುಚ್ಚಲು ಮಾಡಿದ ಎರಡನೇ ತಪ್ಪಿಗೆ ಮೊದಲನೆಯದು ಆಸರೆಯಾಗಿತ್ತು. ಅದನ್ನು ತೆಗೆದಾಗ ಎರಡನೆಯದು ಬತ್ತಲೆ ನಿಂತಿತು.

ಹುಕ್ ಮತ್ತು ಸೂಜಿ ಭೇಟಿಯಾಗುವ ಗಳಿಗೆಯನ್ನು ಮೆಕ್ಯಾನಿಕ್ಕುಗಳು ಟೈಮಿಂಗ್ ಎನ್ನುತ್ತಾರೆ. ಹಲಗೆ ಬಿಚ್ಚಿ ಟಾರ್ಚ್ ಬಿಟ್ಟು ಉಸ್ತಾದ್ ತೋರಿಸಿದರು. ಸೂಜಿ ತೀರಾ ಕೆಳಗಿಳಿದು ಮತ್ತೆ ಏರುತ್ತದೆ. ಏರುವಾಗ ತೊಗಲು ದಾರವನ್ನು ಹಿಡಿದುಕೊಳ್ಳುವುದರಿಂದ ದಾರ ಕೂಡಲೇ ಮೇಲೇರದೆ ಪಕ್ಕಕ್ಕೆ ಉಬ್ಬುತ್ತದೆ. ಕಣ್ಣಿನ ಮೇಲ್ಗಡೆ ಸೂಜಿಯ ಒಂದು ಮೈಯನ್ನು ತುಸು ಕೆತ್ತಿ ಗುಳಿ ಮಾಡಿರುತ್ತಾರೆ, ಉಬ್ಬು ಬರುವುದು ಅಲ್ಲಿ. ಸೂಜಿ 2ರಿಂದ 2.5 ಮಿ.ಮೀ. ಏರಿದ ಹೊತ್ತಿಗೆ ಸರಿಯಾಗಿ ಹುಕ್ಕಿನ ಮೂತಿ ಆ ಗುಳಿಗೆ ಬಂದು ಉಬ್ಬಿನೊಳಗೆ ನುಗ್ಗಬೇಕು. ಮೂತಿಗೂ ಸೂಜಿಗೂ ನಡುವೆ ಒಂದು ತೆಳು ಕಾಗದದಷ್ಟು ಜಾಗ. ಮುಟ್ಟಿದರೆ ಮೂತಿ ಮೊಂಡಾಗುತ್ತದೆ, ದೂರವಾದರೆ ಉಬ್ಬು ತಪ್ಪುತ್ತದೆ. ಟಾರ್ಚ್ ಬೆಳಕಿನಲ್ಲಿ ಆ ಪುಟ್ಟ ಕುಣಿಕೆ ಉಬ್ಬಿ, ಉಕ್ಕಿನ ಕೊಕ್ಕು ಅದನ್ನು ಹೆಕ್ಕಿಕೊಂಡು ಹೋದದ್ದನ್ನು ಚಕ್ರ ಹಿಂದೆ ಮುಂದೆ ಮಾಡಿ ಹತ್ತು ಸಲವಾದರೂ ನೋಡಿದೆ. ಬೇಲೂರಿನ ಶಿಲಾಬಾಲಿಕೆಯರನ್ನೂ ನಾನು ಅಷ್ಟು ಹೊತ್ತು ನಿಂತು ನೋಡಿಲ್ಲ.

ಕಂಬ ಸಡಿಲಿಸಿ, ಮೇಲೇರಿಸಿ, ಬಿಗಿ ಮಾಡಿದರು. ಒಟ್ಟು ತಿರುಗಿಸಿದ್ದು ಒಂದೇ ತಿರುಪು. ಆದರೆ ಆ ತಿರುಪಿಗೆ ಬರುವ ಮುಂಚೆ ದಾರ, ಸೂಜಿಯ ಜಾತಿ, ಸೂಜಿಯ ಮೊನೆ, ಸೂಜಿ ಕೂತ ದಿಕ್ಕು, ಬಾಬಿನ್ ಎಲ್ಲ ಮುಗಿಸಿದ್ದರು. ದಿಕ್ಕಿನದೂ ಒಂದು ಕಥೆ. ಮನೆಯ ಯಂತ್ರದ ಸೂಜಿಯ ಬುಡ ಒಂದು ಕಡೆ ಚಪ್ಪಟೆ, ದಿಕ್ಕು ನೋಡಿದ ಕೂಡಲೇ ತಿಳಿಯುತ್ತದೆ. ಕಾರ್ಖಾನೆ ಯಂತ್ರದ್ದು ಪೂರ್ತಿ ಗುಂಡು, ಹೇಗೆ ಬೇಕಾದರೂ ತಿರುಗುತ್ತದೆ. ಉದ್ದ ಗೀರು ಒಂದು ಕಡೆ, ಗುಳಿ ಇನ್ನೊಂದು ಕಡೆ. ಗುಳಿ ಹುಕ್ಕನ್ನು ನೋಡಬೇಕು. ಚಾಳೀಸು ಬಂದ ನನ್ನಂಥವರು ಉಗುರಿನಿಂದ ಸವರಿ ಗೀರು ಹುಡುಕಬೇಕು.

ತೊಗಲಿನ ಸೂಜಿಯ ಮೊನೆಯೂ ಬೇರೆ. ಬಟ್ಟೆಯ ಸೂಜಿ ಎಳೆಗಳ ನಡುವೆ ಜಾಗ ಮಾಡಿಕೊಂಡು ಹೋಗುತ್ತದೆ. ತೊಗಲಿಗೆ ನೇಯ್ಗೆ ಎಲ್ಲಿದೆ? ಅದಕ್ಕೆ ಸಣ್ಣ ಉಳಿಯಂತೆ ಕೊಯ್ಯುವ ಮೊನೆ ಬೇಕು. ಆ ಮೊನೆ ಓರೆಯಾಗಿದ್ದರೆ ಟಾಕುಗಳೂ ಓರೆಯಾಗಿ, ಭತ್ತದ ಕಾಳು ಜೋಡಿಸಿಟ್ಟಂತೆ ಬೀಳುತ್ತವೆ. ದಾರಕ್ಕೆ ಸೂಜಿ ಸರಿಹೊಂದಿದೆಯೇ ಎಂದು ತಿಳಿಯುವ ಉಪಾಯ ನನಗೆ ತುಂಬ ಹಿಡಿಸಿತು. ಒಂದು ಮೊಳ ದಾರಕ್ಕೆ ಸೂಜಿ ಪೋಣಿಸಿ, ದಾರವನ್ನು ಎರಡು ಕೈಯಲ್ಲಿ ಓರೆಯಾಗಿ ಹಿಡಿದರೆ ಸೂಜಿ ತನ್ನ ಭಾರಕ್ಕೆ ತಾನೇ ತಿರುಗುತ್ತಾ ಜಾರಬೇಕು. ನಿಂತರೆ ಕಣ್ಣು ಸಣ್ಣದು, ಧೊಪ್ಪನೆ ಬಿದ್ದರೆ ದೊಡ್ಡದು. ನನ್ನ ಪಟ್ಟಿಗೆ ಆರಿಸಿದ್ದು ಟೆಕ್ಸ್ 135 ನೈಲಾನ್ ದಾರ, 140ರ ಸೂಜಿ. ಟೆಕ್ಸ್ ಎಂದರೆ ಒಂದು ಕಿಲೋಮೀಟರ್ ದಾರದ ತೂಕ ಗ್ರಾಮಿನಲ್ಲಿ.

ಎಣ್ಣೆಯ ವಿಷಯ ಹೇಳದಿದ್ದರೆ ತೆಂಗಿನ ಸೀಮೆಗೆ ಅಪಚಾರ. ನಮ್ಮ ಕಡೆ ಕೀಲು ಕಿರುಗುಟ್ಟಿದರೆ ಕೈ ಹೋಗುವುದು ಕೊಬ್ಬರಿ ಎಣ್ಣೆಯ ಬಾಟಲಿಗೆ, ಬಾಗಿಲಿಗಾಗಲಿ ಮಂಡಿಗಾಗಲಿ. ನಮ್ಮಮ್ಮನ ಕಾಲ್ತುಳಿತದ ಹೊಲಿಗೆ ಯಂತ್ರಕ್ಕೂ ಅದೇ ಬೀಳುತ್ತಿತ್ತು. ಪ್ರತಿ ಮಾಗಿಯಲ್ಲೂ ಬೆಳಗಿನ ಹೊತ್ತು ಆ ಯಂತ್ರ ಮುಷ್ಕರ ಹೂಡುತ್ತಿದ್ದುದು ಯಾಕೆಂದು ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ತಲೆಗೆ ಹಚ್ಚುವ ಬಾಟಲಿಯಲ್ಲಿ ಬೆಣ್ಣೆಯಂತಾಗುವ ಎಣ್ಣೆ ಯಂತ್ರದ ಸಂದಿನಲ್ಲಿ ಇನ್ನೇನಾದೀತು? ಬೇಸಿಗೆಯಲ್ಲಿ ಕರಗಿದರೂ ದೂಳು ಸೇರಿ ಕಾಲಕ್ರಮದಲ್ಲಿ ಅಂಟಾಗುತ್ತದೆ. ಉಸ್ತಾದರ ಬಳಿ ರಿಪೇರಿಗೆ ಬರುವ ಮನೆ ಯಂತ್ರಗಳನ್ನು ಅವರು ಮೊದಲು ಮೂಸಿ ನೋಡುತ್ತಾರೆ. “ಅಡುಗೆಮನೆ ವಾಸನೆ ಬಂದ್ರೆ ಅರ್ಧ ರೋಗ ಗೊತ್ತಾಯ್ತು,” ಎನ್ನುತ್ತಾರೆ. ಯಂತ್ರಕ್ಕೆ ನೀರಿನಂಥ ಬಿಳಿ ಮಷೀನ್ ಎಣ್ಣೆಯೇ ಬೇಕು.

ನಡುವೆ ಒಮ್ಮೆ ತುರುವೇಕೆರೆಗೆ ಹೋದಾಗ ರಸ್ತೆ ಬದಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಮುಂದೆ ಪ್ಯಾಚರ್ ಯಂತ್ರ ಕಂಡು ನಿಂತೆ. ಮೋಟಾರಿಲ್ಲ, ಕೈಚಕ್ರ. ಕೊಕ್ಕರೆ ಕತ್ತಿನಂಥ ಸಣ್ಣ ತೋಳು, ಬೂಟಿನ ಬೆರಳ ತುದಿಯವರೆಗೂ ಒಳಗೆ ಹೋಗುತ್ತದೆ. ಸಿಂಗರ್ ಕಂಪನಿಯ 29ನೇ ವರ್ಗದ ಹಳೇ ಯಂತ್ರದ ವಂಶ ಇದು. ಇದಕ್ಕೆ ಕೆಳಗೆ ಹಲ್ಲೇ ಇಲ್ಲ. ಮೇಲಿನ ಪಾದವೇ ತೊಗಲನ್ನು ಕಚ್ಚಿ ಎಳೆಯುತ್ತದೆ, ಆ ಪಾದ ಸುತ್ತಲೂ ತಿರುಗುತ್ತದೆ. ಹಾಗಾಗಿ ಚಪ್ಪಲಿ ತಿರುಗಿಸದೆ ಯಾವ ದಿಕ್ಕಿಗಾದರೂ ಹೊಲಿಯಬಹುದು. ತೋಳು ಸಣ್ಣದಾದ್ದರಿಂದ ಬಾಬಿನ್ ಹುಣಸೆಬೀಜದಷ್ಟು, ಮಾತಾಡುತ್ತಿದ್ದ ಹಾಗೇ ಎರಡು ಸಲ ಖಾಲಿಯಾಯಿತು.

“ಬನ್ನಿ ಸಾ, ಕೂತ್ಕಳಿ,” ಎಂದರು. ಅವರ ಅಪ್ಪ ನಮ್ಮಜ್ಜನನ್ನು ಮಾತಾಡಿಸಿದ್ದರೆ “ಬುದ್ಧೀ” ಎನ್ನಬೇಕಿತ್ತು, ಕೂರಿ ಎನ್ನುವ ಮಾತಂತೂ ಇರಲೇ ಇಲ್ಲ. ನಾನು ಕೂತೆ. ಗೆಜ್ಜೆಪಟ್ಟಿಯ ಫೋಟೊ ತೋರಿಸಿದೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಹೊಲಿಗೆಯನ್ನೇ ನೋಡಿದರು.

“ಇದು ಮಷೀನ್ನಾಗೆ ಬರಕಿಲ್ಲ. ಇದ್ರಾಗೆ ಒಂದೇ ಬಾರು ಎರಡೂ ಕಡೆ ಹೋಗಿ ಬಂದೈತೆ. ಒಂದ್ಕಡೆ ಕಿತ್ರೂ ಇನ್ನೊಂದ್ಕಡೆ ಹಿಡ್ಕಂಡಿರ್ತದೆ.”

ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮೇಲೇ, ಕೆಳಗಿನದು ಕೆಳಗೇ. ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ ಅಷ್ಟೆ. ಒಂದು ಸವೆದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಇಲಿ ಕಡಿದರೂ ನಮ್ಮ ಪಟ್ಟಿ ಯಾಕೆ ಬಿಚ್ಚಿರಲಿಲ್ಲ ಎಂಬ ಪ್ರಶ್ನೆಗೆ ಹೀಗೆ ರಸ್ತೆ ಬದಿಯಲ್ಲಿ ಉತ್ತರ ಸಿಕ್ಕಿತು.

ಸರ್ಕಾರದ ಕಡೆಯಿಂದ ಈ ಕಸುಬಿಗೆ 1976ರಿಂದ ಲಿಡ್ಕರ್ ಇದೆ, ಬಾಬು ಜಗಜೀವನ ರಾಮ್ ಅವರ ಹೆಸರಿನ ಚರ್ಮ ಕೈಗಾರಿಕೆ ನಿಗಮ. 2023ರಲ್ಲಿ ಅದರ ರಾಯಭಾರಿಯಾದ ನಟ ಡಾಲಿ ಧನಂಜಯ ಪಕ್ಕದ ಅರಸೀಕೆರೆ ತಾಲ್ಲೂಕಿನವರೇ. ಅದೇ ವರ್ಷ ಬಂದ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಪ್ಪಲಿ ಮಾಡುವವರೂ ಇದ್ದಾರೆ, ಸಲಕರಣೆಗೆಂದು 15,000 ರೂಪಾಯಿ. ಆ ದುಡ್ಡಿಗೆ ಹೊಸ ವಾಕಿಂಗ್ ಫೂಟ್ ಯಂತ್ರ ಬರುವುದಿಲ್ಲ. ಬಂದರೂ ಕೆಟ್ಟ ದಿನ ಏನು ಮಾಡಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಯಂತ್ರ ಹಂಚುವುದು ಸುಲಭ, ಫೋಟೊ ಚೆನ್ನಾಗಿ ಬರುತ್ತದೆ. ಸೂಜಿಯ ಜಾತಿ ಹೇಳಿಕೊಡುವ ಉಸ್ತಾದರನ್ನು ಹಂಚಲು ಬರುವುದಿಲ್ಲ.

ಕೊನೆಗೂ ಪಟ್ಟಿ ಹೊಲಿಯಲು ಕೂತೆ. ಪಕ್ಕದ ಮನೆಯವರ ಹಳ್ಳಿಕಾರ್ ಜೋಡಿಗೆ ಕೊಡುವುದೆಂದು ಮಾತಾಗಿತ್ತು, ನಮ್ಮ ಮನೆಯಲ್ಲಿ ಈಗ ಎತ್ತಿಲ್ಲ. ಕ್ಲಚ್ ಮೋಟಾರು ತೆಗೆಸಿ, ಕಾಲು ಒತ್ತಿದಷ್ಟೇ ನಡೆಯುವ ಸರ್ವೋ ಮೋಟಾರು ಹಾಕಿಸಿದ್ದೆ. ತೊಗಲಿನಲ್ಲಿ ಅಳಿಸಿ ಬರೆಯುವಂತಿಲ್ಲ. ಬಟ್ಟೆಯಲ್ಲಾದರೆ ಹೊಲಿಗೆ ಬಿಚ್ಚಿ ಇಸ್ತ್ರಿ ಹಾಕಿದರೆ ತೂತು ಮಾಯ. ಇಲ್ಲಿ ಬಿದ್ದ ತೂತು ತೊಗಲು ಇರುವವರೆಗೂ ಇರುತ್ತದೆ. ಟಾಕು ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಎಂಬ ಲೆಕ್ಕವೂ ನಡೆಯುವುದಿಲ್ಲ, ಅಂಚೆಚೀಟಿಯ ಅಂಚಿನ ಹಾಗೆ ಅಲ್ಲೇ ಹರಿಯುತ್ತದೆ. ಟಾಕಿನ ಉದ್ದ 4 ಮಿ.ಮೀ. ಇಟ್ಟೆ. ಮೊದಲು ಅದೇ ತೊಗಲಿನ ಚೂರಿನ ಮೇಲೆ, ಅದೇ ಎರಡು ಪದರ ಮಾಡಿ, ಒಂದು ಗೇಣು ಹೊಲಿದು ನೋಡಿದೆ. ಆಮೇಲೆ ಪಟ್ಟಿ.

ಅರ್ಧ ದಾರಿಯಲ್ಲಿ ಸದ್ದು ಬದಲಾಯಿತು. ಟಕ್, ಟಕ್ ಎಂದು ದುಂಡಗೆ ಬರುತ್ತಿದ್ದುದು ಟಪ್ ಎಂದು ಸಪ್ಪೆಯಾಯಿತು. ಇನ್ನೂ ಕೊಬ್ಬರಿಯಾಗದ ಕಾಯಿ ಅಲ್ಲಾಡಿಸಿದಾಗ ಬರುವ ಮೂಕು. ಕಣ್ಣಿಗೆ ಇನ್ನೂ ಏನೂ ಕಂಡಿರಲಿಲ್ಲ, ಕಾಲು ತಾನೇ ಪೆಡಲಿನಿಂದ ಎದ್ದಿತು. ತಿರುಪಿನ ಕಡೆ ನೋಡಲಿಲ್ಲ. ಸೂಜಿಯಿಂದ ಹಿಂದಕ್ಕೆ ದಾರ ಹಿಡಿದುಕೊಂಡು ಹೋದೆ. ಎತ್ತುಗೋಲು ಸರಿ, ಬಿಲ್ಲೆ ಸರಿ, ಮೂರು ತೂತು ಸರಿ. ಕೋನಿನ ಬುಡಕ್ಕೆ ಜಾರಿದ ದಾರ ಕಂಬದ ಕಡ್ಡಿಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಬಿಡಿಸಿ, ಹೊಸದಾಗಿ ಪೋಣಿಸಿ, ಹಳೇ ತೂತಿಗೇ ಸೂಜಿ ಇಳಿಸಿ ಮುಂದುವರಿದೆ.

ಗೆಜ್ಜೆ ಕೂರಿಸಿ ಪಟ್ಟಿಯನ್ನು ಉಸ್ತಾದರಿಗೆ ತೋರಿಸಲು ಒಯ್ದೆ. ಅವರು ಮೇಲ್ಮೈ ನೋಡಲೇ ಇಲ್ಲ, ಮಗುಚಿ ಹೆಬ್ಬೆರಳ ಉಗುರನ್ನು ಹೊಲಿಗೆಯ ಉದ್ದಕ್ಕೂ ಹಾಯಿಸಿಕೊಂಡು ಹೋದರು. ಮುಕ್ಕಾಲು ಪಟ್ಟಿ ದಾಟಿದ ಮೇಲೆ ಉಗುರು ಒಂದು ಕಡೆ ನಿಂತಿತು.

“ಇಲ್ಲೊಂದು ಬಿಟ್ಟಿದೆ.”

ಅಂಗಡಿಯ ಹುಡುಗ ಬಗ್ಗಿ ನೋಡಿದ. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಬಿಟ್ಟಿತ್ತು.

“ಇರ್ಲಿ ಬಿಡಿ ಸಾರ್,” ಎಂದು ಪಟ್ಟಿಯನ್ನು ಒಮ್ಮೆ ಝಲ್ಲೆನಿಸಿ ಕೈಗೆ ಕೊಟ್ಟರು. “ಎತ್ತಿಗೆ ಕಾಣಲ್ಲ.”